ಅತಿ ಒತ್ತಡದ ಭೌತಶಾಸ್ತ್ರ: ಅಕ್ಕನ ಮಗಳನ್ನ ಕಳಿಸಬಹುದಾ? ಅನುಭವ ಇದ್ದವರು ಹೇಳಿ

ಕೇಳಿದವರು, ಮಂಡ್ಯ

ಅಕ್ಕನ ಮಗಳು ಮೈಸೂರಲ್ಲಿ ಬಿಎಸ್ಸಿ ಕೊನೇ ವರ್ಷ. ಬಿಎಡ್ ಮಾಡು, ಊರ ಹತ್ರಾನೇ ಟೀಚರ್ ಕೆಲಸ ಸಿಗುತ್ತೆ ಅಂತ ಮನೇಲಿ ಎಲ್ಲರದೂ ಒಂದೇ ರಾಗ. ಅವಳು ಮಾತ್ರ ಎಂಎಸ್ಸಿ, ಆಮೇಲೆ ಪಿಎಚ್‌ಡಿ, ಅದರಲ್ಲೂ ಭೂಮಿಯ ಹೊಟ್ಟೆಯೊಳಗೆ ಇರೋವಷ್ಟು ಒತ್ತಡ ಹಾಕಿದರೆ ವಸ್ತು ಏನಾಗುತ್ತೆ ಅಂತ ಪ್ರಯೋಗ ಮಾಡೋ ಕೆಲಸಾನೇ ಬೇಕು ಅಂತ ಹಟ ಹಿಡಿದು ಕೂತಿದ್ದಾಳೆ. ನಮಗೆ ಒತ್ತಡ ಅಂದ್ರೆ ಕುಕ್ಕರ್, ಇಲ್ಲಾಂದ್ರೆ ಬಿಪಿ. ದಿನಾ ಆ ಕೆಲಸ ಹೆಂಗಿರುತ್ತೆ, ಅಪಾಯ ಇದೆಯಾ, ಹೊಟ್ಟೆ ತುಂಬುತ್ತಾ? ಮಾಡಿದವರು ಯಾರಾದ್ರೂ ಇದ್ದರೆ ಹೇಳಿ.

ಹತ್ತು ವರ್ಷ ಇದೇ ಕೆಲಸ ಮಾಡಿದವನು, ಕುವೆಂಪುನಗರ

ಅಣ್ಣ, ಕುಕ್ಕರ್‌ನಿಂದಲೇ ಶುರು ಮಾಡ್ತೀನಿ. ವಿಷಲ್ ಕೂಗೋ ಹೊತ್ತಿಗೆ ಒಳಗೆ ಹೊರಗಿನ ಗಾಳಿಗಿಂತ ಸುಮಾರು ಎರಡು ಪಟ್ಟು ಒತ್ತಡ. ಕನ್ನಂಬಾಡಿಯಲ್ಲಿ 124.80 ಅಡಿ ತುಂಬಿತು ಅಂತ ಪೇಪರಲ್ಲಿ ಬರುತ್ತಲ್ಲ, ಅಷ್ಟೆತ್ತರದ ನೀರು ತಳದ ಮೇಲೆ ಹಾಕೋ ಒತ್ತಡ ಹೆಚ್ಚೂಕಮ್ಮಿ ನಾಲ್ಕು ಪಟ್ಟು. ನಮ್ಮ ಲ್ಯಾಬಲ್ಲಿ ಒಂದು ಲಕ್ಷ ಪಟ್ಟು ಅನ್ನೋದು ಮಾಮೂಲಿ ದಿನದ ಕೆಲಸ. ಭೂಮಿಯ ನಟ್ಟನಡುವೆ ಇರೋದು 36 ಲಕ್ಷ ಪಟ್ಟು.

ಇದಕ್ಕೆ ಮನೆಯಷ್ಟು ದೊಡ್ಡ ಮೆಷೀನು ಬೇಕು ಅಂದ್ಕೋಬೇಡಿ. ಅಂಗೈಲಿ ಹಿಡಿಸೋ ಉಕ್ಕಿನ ಡಬ್ಬಿ, ಅದರೊಳಗೆ ಎದುರುಬದುರಾಗಿ ಎರಡು ವಜ್ರ. ಡಯಮಂಡ್ ಸೆಲ್ ಅಂತೀವಿ. ವಜ್ರದ ಮೂತಿ 0.3 ಮಿಲಿಮೀಟರ್ ಅಗಲ, ಅಷ್ಟೇ. ಅಷ್ಟು ಸಣ್ಣ ಜಾಗದ ಮೇಲೆ ಸುಮಾರು 70 ಕೆಜಿ ಭಾರ, ಅಂದರೆ ಒಬ್ಬ ಆಳಿನ ತೂಕ ಬಿದ್ದರೆ ಲಕ್ಷ ಪಟ್ಟು ಒತ್ತಡ ಬಂತು. ಅಲನ್ ಕೀ ಹಿಡಿದು ಕೈಯಲ್ಲೇ ಸ್ಕ್ರೂ ತಿರುಗಿಸೋದು. 1958ರಲ್ಲಿ ಅಮೆರಿಕದಲ್ಲಿ ಮೊದಲು ಇದನ್ನ ಮಾಡಿದವರಿಗೆ ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದ ವಜ್ರಗಳನ್ನ ಸರ್ಕಾರವೇ ಕೊಟ್ಟಿತ್ತು. ನಮಗೆ ಆ ಭಾಗ್ಯ ಇಲ್ಲ.

ಕಷ್ಟ ಇರೋದು ತುಂಬೋದರಲ್ಲಿ. ಎರಡು ವಜ್ರದ ನಡುವೆ ತೆಳು ಲೋಹದ ತಗಡು, ಅದರಲ್ಲಿ 0.1 ಮಿಲಿಮೀಟರ್ ತೂತು. ಒಂದು ರಾಗಿಕಾಳಿನ ಅಗಲಕ್ಕೆ ಇಂಥ ಹತ್ತು ತೂತು ಸಾಲಾಗಿ ಕೂರುತ್ತವೆ. ಆ ತೂತಿನೊಳಗೆ ತಲೆಗೂದಲ ಅರ್ಧ ದಪ್ಪದ ಸ್ಯಾಂಪಲ್ ಇಡಬೇಕು, ಪಕ್ಕದಲ್ಲಿ ಅದಕ್ಕಿಂತ ಸಣ್ಣ ಮಾಣಿಕ್ಯದ ಚೂರು. ಸೂಕ್ಷ್ಮದರ್ಶಕದ ಕೆಳಗೆ, ಸೂಜಿ ತುದೀಲಿ. ಸೀನು ಬಂದರೆ ಮುಗೀತು. ಏಪ್ರಿಲ್ ಸೆಕೆಯಲ್ಲಿ ಫ್ಯಾನ್ ಆಫ್ ಮಾಡಿ, ಬೆವರು ಒರೆಸಿಕೊಂಡು, ಉಸಿರು ಹಿಡಿದು ಸೂಜಿ ಇಳಿಸ್ತೀರಿ. ಸ್ಯಾಂಪಲ್ ಸೂಜಿಗೇ ಅಂಟಿಕೊಂಡು ವಾಪಸ್ ಬರುತ್ತೆ. ಮತ್ತೆ ಇಳಿಸ್ತೀರಿ, ಕಾಣೆಯಾಗುತ್ತೆ. ಕೊನೆಗೆ, ಒತ್ತಡ ಎಲ್ಲ ಕಡೆಯಿಂದ ಸಮನಾಗಿ ಬೀಳಲಿ ಅಂತ, ಮೆಥನಾಲ್ ಎಥನಾಲ್ ಮಿಶ್ರಣದ ಒಂದು ತೊಟ್ಟು ಬಿಟ್ಟು ಮುಚ್ಚಬೇಕು. ಒಂದು ಕ್ಷಣ ತಡ ಆದರೆ ಅದು ಆರಿಹೋಗಿ ಗಾಳಿಗುಳ್ಳೆ ನಿಲ್ಲುತ್ತೆ. ನಾನು ಮೊದಲ ಸಲ ಸರಿಯಾಗಿ ತುಂಬೋಕೆ ಮೂರು ವಾರ ತಗೊಂಡೆ.

ಮಾಣಿಕ್ಯ ಯಾಕೆ ಅಂದ್ರೆ, ಅದೇ ನಮ್ಮ ಮೀಟರ್. ಹಸಿರು ಲೇಸರ್ ಬಿಟ್ಟರೆ 694.2 ನ್ಯಾನೋಮೀಟರ್‌ನಲ್ಲಿ ಕೆಂಪಗೆ ಹೊಳೆಯುತ್ತೆ. ಒತ್ತಡ ಒಂದು ಗಿಗಾಪಾಸ್ಕಲ್, ಅಂದರೆ ಗಾಳಿಯ ಸುಮಾರು ಹತ್ತು ಸಾವಿರ ಪಟ್ಟು, ಏರಿದಂತೆಲ್ಲ ಆ ಕೆಂಪು ಬೆಳಕಿನ ಗೆರೆ 0.365 ನ್ಯಾನೋಮೀಟರ್‌ನಷ್ಟು ಮೇಲಕ್ಕೆ ಸರಿಯುತ್ತೆ. ಸರಿದದ್ದನ್ನ ಅಳೆದರೆ ಒತ್ತಡ ಗೊತ್ತಾಯ್ತು.

ಅವಳಿಗೆ ಇದೊಂದು ಹೇಳಿ. ನಾನು ಮೊದಲು ನೋಡಿದ್ದು ಬರೀ ನೀರನ್ನ. ಸ್ಕ್ರೂ ಒಂದು ಎಳೆ ತಿರುಗಿಸಿದೆ, ಒತ್ತಡ ಒಂದು ಗಿಗಾಪಾಸ್ಕಲ್ ದಾಟ್ತು. ಹೊರಗೆ ಬೆವರು ಸುರೀತಾ ಇದೆ, ಒಳಗೆ ನೀರು ಹೆಪ್ಪುಗಟ್ಟಿ, ಮೂಲೆ ಮೂಲೆ ಇರೋ ಹರಳು ಕಣ್ಣೆದುರೇ ಬೆಳೀತು. ತಣ್ಣಗಿಲ್ಲದ ಮಂಜುಗಡ್ಡೆ, ಅದೂ ನೀರಲ್ಲಿ ಮುಳುಗೋ ಮಂಜುಗಡ್ಡೆ! ರಾತ್ರಿ ಹತ್ತಕ್ಕೆ ಮನೆಗೆ ಫೋನ್ ಮಾಡಿ ಹೇಳಿದೆ. ಊಟ ಆಯ್ತಾ ಅಂತ ಕೇಳಿದರು.

ವಜ್ರ ಒಡೆಯುತ್ತೆ. ‘ಟಿಕ್’ ಅಂತ ಒಂದು ಸದ್ದು, ಉಗುರು ಕತ್ತರಿಸಿದ ಹಾಗೆ, ಅಷ್ಟೇ. ನನ್ನ ಎರಡನೇ ವರ್ಷದಲ್ಲಿ ಒಂದೇ ತಿಂಗಳಲ್ಲಿ ಎರಡು ಹೋದವು, ಎರಡೂ ನನ್ನ ಆತುರಕ್ಕೆ. ಗೈಡ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಪಾಯದ ವಿಷಯ: ಒತ್ತಡ ಜಾಸ್ತಿಯಾದರೂ ಜಾಗ ಧೂಳಿನ ಕಣದಷ್ಟು, ಹಾಗಾಗಿ ಸಿಡಿದು ಯಾರಿಗೂ ಏನೂ ಆಗಲ್ಲ. ಭಯಪಡಬೇಕಾದ್ದು ಲೇಸರ್‌ಗೆ. ಕನ್ನಡಕ ಹಾಕದೆ ಕೂರೋ ಲ್ಯಾಬ್‌ಗೆ ಕಳಿಸಬೇಡಿ.

ಯಾವ ಸಂಸ್ಥೆ ಅನ್ನೋದು ಆಮೇಲೆ. ಮೊದಲು ಅವಳ ಕೈ, ಅವಳ ತಾಳ್ಮೆ ಇದಕ್ಕೆ ಒಗ್ಗುತ್ತಾ ನೋಡಿ. ರಂಗೋಲಿ ಎಳೆ ತಪ್ಪಿದರೆ ಅಳಿಸಿ ಮತ್ತೆ ಹಾಕ್ತಾಳಾ, ಸಿಟ್ಟು ಮಾಡ್ಕೊಂಡು ಎದ್ದು ಹೋಗ್ತಾಳಾ? ತಮಾಷೆ ಅಲ್ಲ. ಪರೀಕ್ಷೇಲಿ ರ‍್ಯಾಂಕ್ ಬಂದ ಇಬ್ಬರು ನನ್ನ ಜೊತೆ ಸೇರಿ ಆರು ತಿಂಗಳಲ್ಲಿ ಥಿಯರಿಗೆ ಹೋದರು. ಸೈಕಲ್ ಶಾಪ್‌ನವರ ಮಗ ಒಬ್ಬ ನಮಗೆಲ್ಲ ಕಲಿಸಿದ.

ತಣ್ಣನೆ ಕಡೆಯವಳು, ಸರಸ್ವತಿಪುರಂ

ನಂದು ಒತ್ತಡ ಅಲ್ಲ, ಚಳಿ. ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ. 1911ರಲ್ಲಿ ಲೈಡನ್‌ನಲ್ಲಿ ಪಾದರಸಕ್ಕೆ ವಿದ್ಯುತ್ ಪ್ರತಿರೋಧವೇ ಇಲ್ಲದಂತಾಗಿದ್ದು ಈ ಚಳಿಯಲ್ಲೇ. ನಮ್ಮಲ್ಲಿ ಅಪಾಯ ಬೇರೆ ಥರ. ಒಂದು ಲೀಟರ್ ದ್ರವ ಸಾರಜನಕ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಕಿಟಕಿ ಮುಚ್ಚಿದ ರೂಮಲ್ಲಿ ಉಸಿರಾಡೋ ಆಮ್ಲಜನಕಕ್ಕೇ ಜಾಗ ಇರಲ್ಲ. ಅದರ ಪಾತ್ರೆ ಜೊತೆ ಲಿಫ್ಟ್‌ನಲ್ಲಿ ಮನುಷ್ಯರು ಹೋಗಬಾರದು ಅನ್ನೋ ನಿಯಮ ಇದಕ್ಕೇ. ಹೀಲಿಯಂ ಹೆಚ್ಚಾಗಿ ಹೊರದೇಶದಿಂದಲೇ ಬರಬೇಕು. ನಾನಿದ್ದ ಕಡೆ (ಹೆಸರು ಬೇಡ) ಅದು ಸಿಗದೆ, ಮೆಷೀನ್ ರಿಪೇರಿಗೆ ಜನ ಬರದೆ ಏಳು ತಿಂಗಳು ಕೈಕಟ್ಟಿ ಕೂತಿದ್ದೆ. ಸೇರೋ ಮೊದಲು ಗೈಡ್‌ನ ಅಲ್ಲ, ಅಲ್ಲಿನ ವಿದ್ಯಾರ್ಥಿಗಳನ್ನ ಕೇಳಲಿ: ಕಳೆದ ವರ್ಷ ಮೆಷೀನು ಎಷ್ಟು ದಿನ ಓಡಿತು ಅಂತ.

ಇನ್ನೊಂದು. 2015ರಲ್ಲಿ ಗಂಧಕ-ಜಲಜನಕದ ಸಂಯುಕ್ತ 15 ಲಕ್ಷ ಪಟ್ಟು ಒತ್ತಡದಲ್ಲಿ ಮೈನಸ್ 70 ಡಿಗ್ರಿಗೇ ಸೂಪರ್‌ಕಂಡಕ್ಟರ್, ಅಂದರೆ ಆ ಪಾದರಸದ ಹಾಗೆ ಪ್ರತಿರೋಧವೇ ಇಲ್ಲದ್ದು, ಆಯ್ತು. ಆಮೇಲೆ ಎಲ್ಲರಿಗೂ ಓಟದ ಹುಚ್ಚು. ಕೋಣೆಯ ಉಷ್ಣತೆಯಲ್ಲೇ ಆಯ್ತು ಅಂತ 2020ರಲ್ಲಿ ಬಂದ ಲೇಖನವನ್ನ 2022ರಲ್ಲಿ ಪತ್ರಿಕೆಯೇ ವಾಪಸ್ ತಗೊಂಡಿತು. ಧೂಳಿನಷ್ಟು ಸ್ಯಾಂಪಲ್, ಅದರಿಂದ ಬರೋ ಸಿಗ್ನಲ್ ಇನ್ನೂ ಸಣ್ಣದು. ತನಗೆ ಬೇಕಾದ್ದನ್ನ ಅದರಲ್ಲಿ ಕಂಡುಕೊಳ್ಳೋ ಆಸೆ ಎಲ್ಲರಿಗೂ ಬರುತ್ತೆ, ನನಗೂ ಬಂದಿದೆ.

ಒಬ್ಬ ತಾಯಿ, ಶ್ರೀರಂಗಪಟ್ಟಣ

ನಾನು ಸೈನ್ಸ್ ಓದಿದವಳಲ್ಲಪ್ಪ. ಮಗ ಇದೇ ಲೈನು. ನೆಟ್ ಪರೀಕ್ಷೆ ಪಾಸಾಗಿ, ಸಂಶೋಧನೆ ಮಾಡೋರಿಗೆ ಕೊಡೋ ಜೆಆರ್‌ಎಫ್ ಫೆಲೋಶಿಪ್ ಸಿಕ್ಕಿದ್ದರಿಂದ ಬಚಾವ್: 2023ರಿಂದ ತಿಂಗಳಿಗೆ 37,000, ಎರಡು ವರ್ಷ ಆದಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ದುಡ್ಡು ತಿಂಗಳು ತಿಂಗಳು ಬರುತ್ತೆ ಅಂದ್ಕೋಬೇಡಿ. ಒಮ್ಮೊಮ್ಮೆ ಮೂರು ತಿಂಗಳದ್ದು ಒಟ್ಟಿಗೆ ಬರುತ್ತೆ, ಅಲ್ಲೀವರೆಗೆ ನಾವೇ ಕಳಿಸಬೇಕು. ಹುಡುಗಿ ಮನೆಯವರು ಏನು ಕೆಲಸ ಅಂತ ಕೇಳಿದಾಗ ವಜ್ರ ಇಟ್ಕೊಂಡು ಏನೋ ಮಾಡ್ತಾನೆ ಅಂದೆ. ಒಡವೆ ಅಂಗಡಿ ಅಂದ್ಕೊಂಡು ತುಂಬಾ ಖುಷಿಪಟ್ಟರು.

ಬಿಟ್ಟುಬಂದವನು, ವಿಜಯನಗರ

ಪಿಎಚ್‌ಡಿ ಮುಗಿಸಿ ಕಂಪನಿ ಸೇರಿದೆ. ನಿರ್ವಾತ ಪಂಪು, ಲೇಸರ್, ಪ್ರೋಗ್ರಾಮಿಂಗ್ ಎಲ್ಲ ಕೈಲಿ ಇತ್ತು, ಕೆಲಸಕ್ಕೆ ಕಷ್ಟ ಆಗಲಿಲ್ಲ. ಕಾಯಂ ಪ್ರೊಫೆಸರ್ ಕುರ್ಚಿ ಮಾತ್ರ ತುಂಬಾ ಕಮ್ಮಿ, ಅದನ್ನ ಮನೇಲಿ ಮೊದಲೇ ಹೇಳಿಬಿಡಿ.

ಕೊನೇ ವರ್ಷದಲ್ಲಿದ್ದಾಳೆ ಅಂದ್ರಲ್ಲ, ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಲಿ. ಎರಡು ತಿಂಗಳು ನಿಜವಾದ ಲ್ಯಾಬಲ್ಲಿ ಕೂತು ಬಂದರೆ ನಾವಿಲ್ಲಿ ಬರೆದದ್ದೆಲ್ಲ ಬೇಕಾಗಲ್ಲ. ಬೇಸಿಗೆ ತನಕ ಕಾಯಬೇಡಿ, ಅರ್ಜಿ ಬಹಳ ಮೊದಲೇ ಮುಗಿದಿರುತ್ತೆ. ಎಂಎಸ್ಸಿಗೆ ಐಐಟಿ ಕಡೆ ನೋಡೋದಾದರೆ ಜಾಮ್ ಪ್ರವೇಶ ಪರೀಕ್ಷೆ ಬರೀಲಿ. ನಮ್ಮ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯೇನೂ ಕಮ್ಮಿ ಅಲ್ಲ. 1961ರಲ್ಲಿ ಅಲ್ಲಿಗೆ ಬಂದ ಎಸ್. ಚಂದ್ರಶೇಖರ್ ದ್ರವಹರಳಿನ (ಲಿಕ್ವಿಡ್ ಕ್ರಿಸ್ಟಲ್) ಕೆಲಸ ಬೆಳೆಸಿದ್ದು ಅಲ್ಲೇ. ನೊಬೆಲ್ ಚಂದ್ರಶೇಖರ್ ಬೇರೆ, ಇವರು ಬೇರೆ, ಇಬ್ಬರಿಗೂ ಸಿ.ವಿ. ರಾಮನ್ ಹತ್ತಿರದ ನೆಂಟರು.

ಕೇಳಿದವರು, ಮಂಡ್ಯ

ಎಲ್ಲರಿಗೂ ಥ್ಯಾಂಕ್ಸ್. ಕೂರಿಸಿಕೊಂಡು ಓದಿ ಹೇಳಿದೆ. ಸೆಕೇಲಿ ನೀರು ಗಡ್ಡೆ ಕಟ್ಟೋದು ಅವಳಿಗೆ ಮೊದಲೇ ಗೊತ್ತಂತೆ. ಫ್ಯಾನ್ ಆಫ್ ಮಾಡೋದು ಗೊತ್ತಿರಲಿಲ್ಲ. ಅಕ್ಕಂದು ಒಂದೇ ಪ್ರಶ್ನೆ: ಇಂದೋರಿಗೆಲ್ಲ ಹೋಗಿ ರಾತ್ರಿಯೆಲ್ಲ ಕೆಲಸ ಮಾಡಬೇಕಂತೆ, ಹೌದಾ?

ಕುವೆಂಪುನಗರ

ಹೌದಣ್ಣ. ಅಲ್ಲಿನ ಇಂಡಸ್-2 ಯಂತ್ರದ ಎಕ್ಸ್‌ರೇ ಬೇಕು ಅಂದ್ರೆ ಅರ್ಜಿ ಹಾಕಿ ಕಾಯಬೇಕು, ಸಿಕ್ಕ ಹೊತ್ತಲ್ಲಿ ರಾತ್ರಿ ಹಗಲು ನೋಡದೆ ಮುಗಿಸಬೇಕು. ಒಬ್ಬೊಬ್ಬರೇ ಹೋಗಲ್ಲ, ತಂಡವಾಗಿ ಹೋಗ್ತೀವಿ. ನಮ್ಮ ತಂಡದಲ್ಲಿ ಹುಡುಗಿಯರೇ ಜಾಸ್ತಿ ಇದ್ದರು. ಒಂದು ಡಬ್ಬ ಚಟ್ನಿಪುಡಿ ಕಟ್ಟಿಕೊಡಿ. ರಾತ್ರಿ ಎರಡು ಗಂಟೆಗೆ ಬ್ರೆಡ್ಡಿಗೆ ಹಚ್ಚಿಕೊಳ್ಳೋಕೆ ಬೇಕಾಗುತ್ತೆ.