ಮೈಸೂರಿನ ಅಂಗಳಕ್ಕೆ ಯಾವ ಮಾರ್ಗರೀಟ್ ಡೇಸಿ ಒಳ್ಳೆಯದು? ಬೆಳೆದವರು ಹೇಳಿ

ಮೈಸೂರಿನಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೋದ ಅಕ್ಟೋಬರ್‌ನಲ್ಲಿ ಮಗಳ ಮನೆಗೆ ಅಂತ ಮೆಲ್ಬರ್ನ್‌ಗೆ ಹೋಗಿದ್ದೆ. ಅವರ ಬೀದಿಯಲ್ಲಿ ಎಲ್ಲಿ ನೋಡಿದರೂ ಸೊಂಟದೆತ್ತರದ ಒಂದು ಪೊದೆ, ಎಲೆಯೇ ಕಾಣದಷ್ಟು ಬಿಳಿ ಹೂವು. ಮಾರ್ಗರೀಟ್ ಡೇಸಿ ಅಂದಳು ಮಗಳು. ಊರಿಗೆ ಬಂದವಳೇ ನರ್ಸರಿಗೆ ಹೋಗಿ ಬಿಳಿ ಡೇಸಿ ಕೇಳಿದೆ, 120 ರೂಪಾಯಿಗೆ ಒಂದು ಗಿಡ ಕೊಟ್ಟರು. ಪೊದೆ ಆಗುತ್ತೆ ಅಂತ ಕಾದಿದ್ದೇ ಬಂತು. ನೆಲಕ್ಕೆ ಅಂಟಿಕೊಂಡ ಉದ್ದ ಎಲೆ, ಮಧ್ಯದಿಂದ ಒಂದೊಂದೇ ದಂಟು, ದಂಟಿಗೊಂದು ಹೂವು. ಏಪ್ರಿಲ್‌ನಲ್ಲಿ ಪೂರ್ತಿ ಹೋಯಿತು. ನಮ್ಮಲ್ಲಿ ಮಧ್ಯಾಹ್ನ ಹನ್ನೆರಡರವರೆಗೆ ಬಿಸಿಲು, ಬೋರ್ ನೀರು. ಯಾವ ತಳಿ ತರಲಿ? ಮುಂದಿನ ಸಲ ಹೋದಾಗ ಮಗಳ ಮನೆಯಿಂದಲೇ ನಾಲ್ಕು ಕಡ್ಡಿ ತಂದುಬಿಡಲಾ?

ಬೆಂಗಳೂರು, ತಾರಸಿ ತೋಟ

ಮೇಡಂ, ನಿಮಗೆ ಕೊಟ್ಟಿದ್ದು ಶಾಸ್ತಾ ಡೇಸಿ. ದಂಟಿಗೊಂದು ಹೂವು ಅಂದ ಕೂಡಲೇ ಗೊತ್ತಾಯಿತು, ನಾನೂ ಮೊದಲ ವರ್ಷ ಅದನ್ನೇ ತಂದು ಪೊದೆಗೆ ಕಾದವನು. ಕ್ಯಾಲಿಫೋರ್ನಿಯಾದಲ್ಲಿ ಲೂಥರ್ ಬರ್ಬ್ಯಾಂಕ್ ಅನ್ನೋವರು ಹಲವು ಜಾತಿ ಬೆರೆಸಿ 1901ರಲ್ಲಿ ಹೊರಗೆ ಬಿಟ್ಟ ಗಿಡ ಅದು. ಹಿಮದ ಬೆಟ್ಟದ ಹೆಸರು ಇಟ್ಟುಕೊಂಡಿರೋ ಗಿಡಕ್ಕೆ ನಮ್ಮ ಏಪ್ರಿಲ್ ಎಲ್ಲಿ ಹಿಡಿಸಬೇಕು?

ಮಾರ್ಗರೀಟ್ ಬೇರೆಯೇ. ಅದರ ತವರು ಆಫ್ರಿಕಾದ ಪಕ್ಕದ ಕ್ಯಾನರಿ ದ್ವೀಪಗಳು. ಪುಸ್ತಕದ ಹೆಸರು ಆರ್ಗಿರಾಂತಿಮಮ್, ಆದರೆ ಅದನ್ನ ನರ್ಸರಿಯಲ್ಲಿ ಹೇಳಿದರೆ ಸುಮ್ನೆ ಮುಖ ನೋಡ್ತಾರೆ. ಹೂವು ನೋಡಿ ಕೊಳ್ಳಬೇಡಿ, ಎರಡರದ್ದೂ ಹೂವು ಒಂದೇ ಥರ ಇರುತ್ತೆ. ಎಲೆ ನೋಡಿ. ಶಾಸ್ತಾದ್ದು ಸೀಳಿಲ್ಲದ ಉದ್ದ ಎಲೆ, ಅಂಚಲ್ಲಿ ಸಣ್ಣ ಹಲ್ಲು. ಮಾರ್ಗರೀಟ್‌ದು ಸಬ್ಬಸಿಗೆಯಷ್ಟು ನಾಜೂಕಲ್ಲ, ಸೇವಂತಿಗೆಯಷ್ಟು ಅಗಲವೂ ಅಲ್ಲ, ನಡುವೆ ಎಲ್ಲೋ ಇರುವ ಸೀಳು ಎಲೆ, ಸ್ವಲ್ಪ ಬೂದು ಹಸಿರು. ಗಿಡದ ಬುಡ ಮುಟ್ಟಿ ನೋಡಿ, ಕಡ್ಡಿ ಥರ ಗಟ್ಟಿ ಆಗ್ತಾ ಬಂದಿರಬೇಕು.

ತಳಿ ವಿಷಯಕ್ಕೆ ಬಂದರೆ, ನಮ್ಮ ಕಡೆ ತಳಿ ಹೆಸರು ಬರೆದು ಮಾರಿದ್ದು ನಾನಂತೂ ನೋಡಿಲ್ಲ. ಬಿಳಿ, ಹಳದಿ, ಗುಲಾಬಿ, ಮುಗೀತು. ಮೂರನ್ನೂ ಬೆಳೆಸಿದ್ದೀನಿ. ಒಂಟಿ ಸುತ್ತಿನ ಬಿಳಿಯದೇ ಗಟ್ಟಿ. ಗುಲಾಬಿಯ ಜೋಡಿ ಎಸಳಿನದು ಮೊದಲ ವಾರ ಅದ್ಭುತ, ಆಮೇಲೆ ಬಿಸಿಲಿಗೆ ಬಣ್ಣ ಇಳಿದು ತೊಳೆದ ಬಟ್ಟೆ ಥರ ಆಗುತ್ತೆ, ಒಂದು ಮಳೆ ಬಿದ್ದರೆ ಎಸಳಿನ ಒಳಗೆ ನೀರು ನಿಂತು ಕಂದು. ನನ್ನ ಮಾತು ಕೇಳಿದರೆ ಅದನ್ನ ಬಿಡಿ.

ಇನ್ನೊಂದು, ಇದನ್ನ ವರ್ಷವಿಡೀ ಹೂ ಬಿಡೋ ಗಿಡ ಅಂತ ತಿಳ್ಕೋಬೇಡಿ. ರಾತ್ರಿ ತಂಪಿರಬೇಕು. ನವೆಂಬರ್‌ನಿಂದ ಫೆಬ್ರವರಿವರೆಗೆ ಸುರಿಮಳೆ ಹೂವು, ಮಾರ್ಚ್ ಸೆಖೆ ಶುರುವಾದರೆ ಮೊಗ್ಗೇ ಇಲ್ಲ. ಸತ್ತಿಲ್ಲ, ಮುನಿಸಿಕೊಂಡಿದೆ ಅಷ್ಟೇ. ಆಗ ನೆರಳಿಗೆ ಸರಿಸಿ, ಮೂರನೇ ಒಂದು ಭಾಗ ಸವರಿ. ಎಲೆ ಇಲ್ಲದ ಬರೀ ಕಡ್ಡಿವರೆಗೆ ಕತ್ತರಿಸಿದರೆ ಮಾತ್ರ ಮತ್ತೆ ಚಿಗುರಲ್ಲ. 2 ಗಿಡ ಹೀಗೇ ಕಳಕೊಂಡೆ, ದಾಸವಾಳಕ್ಕೆ ಹಾಕೋ ಕತ್ತರಿಯನ್ನ ಇದಕ್ಕೂ ಹಾಕಿಬಿಟ್ಟಿದ್ದೆ.

ಧಾರವಾಡ

ನಮ್ಮ ಬಿಸಿಲಿಗೆ ಎರಡು ಸಲ ಹಾಕಿ ಎರಡು ಸಲ ಸುಟ್ಟುಕೊಂಡೆ. ಸೇವಂತಿಗೆ ಹಾಕ್ರೀ ಅಕ್ಕಾ. ಮುಡಿಯೋಕೂ ಆಯ್ತು, ದೇವರಿಗೂ ಆಯ್ತು.

ಮೆಲ್ಬರ್ನ್

ಅಮ್ಮಾ, ನೀವು ನೋಡಿದ ಬೀದಿ ನಮ್ಮದೇ ಇರಬಹುದೇನೋ! ನಾವು ಇಲ್ಲಿಗೆ ಬಂದು ಒಂಬತ್ತು ವರ್ಷ, ಮನೆ ಮುಂದೆ 5 ಪೊದೆ ಇವೆ. ಅಕ್ಟೋಬರ್ ಅಂದರೆ ಇಲ್ಲಿ ವಸಂತ, ನೀವು ಬಂದಿದ್ದು ಸರಿಯಾಗಿ ಹೂವಿನ ಹೊತ್ತಿಗೆ. ಜನವರಿಯಲ್ಲಿ ಬಂದಿದ್ದರೆ ಅದೇ ಪೊದೆ ನೋಡಿ ಮೂಗು ಮುರೀತಿದ್ರಿ.

ಇಲ್ಲಿ ತಳಿಗೇನೂ ಬರ ಇಲ್ಲ. ಸಿಡ್ನಿ ವಿಶ್ವವಿದ್ಯಾಲಯದವರು ಬೆಳೆಸಿದ ಫೆಡರೇಷನ್ ಡೇಸಿ ಅಂತ ಒಂದು ಸಾಲೇ ಇದೆ, ಗಿಡ ಗಿಡ್ಡ, ಹೂವು ಒತ್ತಾಗಿ. ಕುಂಡಕ್ಕೆ ಹೇಳಿ ಮಾಡಿಸಿದ್ದು. ಹಳೇ ತಳಿಯಲ್ಲಿ ಜಮೈಕಾ ಪ್ರಿಮ್‌ರೋಸ್ ನನಗೆ ತುಂಬಾ ಇಷ್ಟ, ಬೆಣ್ಣೆಯಂಥ ತಿಳಿ ಹಳದಿ, ಮೀಟರ್ ಎತ್ತರ ಬಂದೇ ಬರುತ್ತೆ, ಜಾಗ ಬೇಕು. ಬೆಂಗಳೂರಿನವರು ಗುಲಾಬಿ ಜೋಡಿ ಎಸಳಿಗೆ ಬೈದಿದ್ದಾರೆ, ವ್ಯಾಂಕೂವರ್ ಅಂತ ಬರೋದು ಅದೇ ಥರದ್ದು. ನನ್ನ ಮನೆಯಲ್ಲಿ ಮೂಡು ದಿಕ್ಕಿಗೆ ಇದೆ, ಬಣ್ಣ ಇಳಿಯೋದೂ ಒಂದು ಚೆಂದ, ಒಂದೇ ಗಿಡದಲ್ಲಿ ಕಡು ಗುಲಾಬಿಯಿಂದ ಕೆನೆ ಬಣ್ಣದವರೆಗೆ ಹೂವು. ಹಾಗಾಗಿ ಪೂರ್ತಿ ಬಿಡಿ ಅನ್ನಲ್ಲ.

ಕಡ್ಡಿ ಮಾತ್ರ ಸೂಟ್‌ಕೇಸಲ್ಲಿ ತರಬೇಡಿ. ಗಿಡ, ಕಡ್ಡಿ ಏನೇ ಇರಲಿ, ಇಂಡಿಯಾಕ್ಕೆ ತರೋಕೆ ಮೊದಲೇ ಆಮದು ಪರವಾನಗಿ ಬೇಕು, ಇಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು, 2003ರ ಆದೇಶದಲ್ಲೇ ಹಾಗಿದೆ. ಅದೂ ಅಲ್ಲದೆ ಈ ಗಿಡಕ್ಕೆ ಬುಡದಲ್ಲಿ ಗಂಟು ಬರೋ ರೋಗ ಒಂದಿದೆ, ಬ್ಯಾಕ್ಟೀರಿಯಾದಿಂದ ಬರೋದು. ಹೂಕೋಸಿನ ತುಣುಕು ಅಂಟಿಸಿದ ಹಾಗೆ ಕಾಣುತ್ತೆ. ಅದಕ್ಕೆ ಔಷಧಿ ಇಲ್ಲ. ಗಿಡ ಕಿತ್ತು ಬಿಸಾಕಿ, ಆ ಮಣ್ಣನ್ನ ಬೇರೆ ಕುಂಡಕ್ಕೆ ಹಾಕಬೇಡಿ.

ಚಿಕ್ಕಮಗಳೂರು ಹತ್ತಿರ

ನಮ್ಮಲ್ಲಿ ಸೆಖೆ ಸಮಸ್ಯೆ ಅಲ್ಲ, ಜುಲೈ ಮಳೆ ಸಮಸ್ಯೆ. ಬೇರು ಕೊಳೆತು ಒಂದೇ ವಾರದಲ್ಲಿ ಜೋಲು ಬೀಳುತ್ತೆ, ಒಣಗಿದೆ ಅಂದ್ಕೊಂಡು ಇನ್ನೂ ನೀರು ಹಾಕಿದರೆ ಕಥೆ ಮುಗೀತು. ಈಗ ಹೆಂಚಿನ ಸೂರಿನ ಕೆಳಗೆ ಇಡ್ತೀನಿ. ನೆಲದಲ್ಲಿ ಹಾಕಲೇಬೇಕು ಅನ್ನೋ ಆಸೆ ಇದ್ದರೆ ಯೂರಿಯಾಪ್ಸ್ ಅಂತ ಹಳದಿ ಡೇಸಿ ಪೊದೆ ಸಿಗುತ್ತೆ, ದಕ್ಷಿಣ ಆಫ್ರಿಕಾದ್ದು. ಮಾರ್ಗರೀಟ್ ಅಲ್ಲ, ಆದರೆ ನನ್ನ ಗೇಟಿನ ಹತ್ತಿರ ನಾಲ್ಕು ಮಳೆಗಾಲ ತಡೆದಿದೆ. ನೀಲಿ ಮಾರ್ಗರೀಟ್ ಅಂತ ಮಾರೋದೂ ದಕ್ಷಿಣ ಆಫ್ರಿಕಾದ ಬೇರೆ ಗಿಡವೇ, ಫೆಲಿಷಿಯಾ. ಮೋಡ ಇದ್ದ ದಿನ ಹೂವು ಮುದುಡಿಕೊಂಡು ಕೂರುತ್ತೆ. ಮಲೆನಾಡಲ್ಲಿ ಹಾಕಿ ಮೋಸ ಹೋದೆ!

ಬೆಂಗಳೂರು, ತಾರಸಿ ತೋಟ

ಮೆಲ್ಬರ್ನಿನವರು ಹೇಳಿದ್ದು ಒಪ್ಪಿದೆ, ಮೂಡು ದಿಕ್ಕಾದರೆ ಗುಲಾಬಿ ಇಟ್ಟು ನೋಡಬಹುದು. ಮೇಡಂ ಮನೆಯಲ್ಲೂ ಬೆಳಗಿನ ಬಿಸಿಲೇ ಅಲ್ವಾ.

ಮಣ್ಣು ಹೇಳೋದು ಮರೆತೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಎರೆಹುಳು ಗೊಬ್ಬರ, 12 ಇಂಚಿನ ಕುಂಡ. ಕುರಿ ಗೊಬ್ಬರ ಸುರೀಬೇಡಿ, ಎಲೆ ಜಾಸ್ತಿ ಆಗಿ ಹೂವು ಕಮ್ಮಿ. ಬೋರ್ ನೀರಿನ ಉಪ್ಪು ಕುಂಡದ ಅಂಚಲ್ಲಿ ಬೆಳ್ಳಗೆ ಕಟ್ಟಿದರೆ ತಿಂಗಳಿಗೊಮ್ಮೆ ಮಳೆ ನೀರು ಧಾರಾಳವಾಗಿ ಹಾಯಿಸಿ ತೊಳೆದುಬಿಡಿ. ಎಲೆ ಮೇಲೆ ಬಿಳಿ ಗೆರೆ ಎಳೆದ ಹಾಗಿದ್ದರೆ ರಂಗೋಲಿ ಹುಳು, ಆ ಎಲೆ ಕಿತ್ತು ಹಾಕಿ. ಕುಡಿಗೆ ಕಪ್ಪು ಹೇನು ಬಂದರೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಸೋಪು.

ಗಿಡ ಚಿಕ್ಕದಿದ್ದಾಗ ಕುಡಿ ಚಿವುಟಿ, ಇಲ್ಲದಿದ್ದರೆ ಒಂದೇ ಕೋಲು ಮೇಲೆ ಹೋಗುತ್ತೆ. ಎರಡು ಮೂರು ವರ್ಷಕ್ಕೆ ಬುಡ ಬೋಳಾಗುತ್ತೆ, ಅದಕ್ಕೆ ಪ್ರತಿ ಸೆಪ್ಟೆಂಬರ್‌ನಲ್ಲಿ ಹೂವಿಲ್ಲದ 4 ಇಂಚಿನ ಕುಡಿ ನಾಲ್ಕೈದು ಕತ್ತರಿಸಿ ಮರಳು ಮಿಶ್ರಣದಲ್ಲಿ ನೆಡ್ತೀನಿ, ಮೂರು ವಾರಕ್ಕೆ ಬೇರು. ಈಗ ನನ್ನ ಹತ್ತಿರ ಇರೋದೆಲ್ಲ ಮೊದಲ ಬಿಳಿ ಗಿಡದ ಮರಿಮಕ್ಕಳೇ.

ಮೈಸೂರಿನಿಂದ

ಎಲ್ಲರಿಗೂ ಥ್ಯಾಂಕ್ಸ್. ಕಡ್ಡಿ ಆಸೆ ಬಿಟ್ಟೆ, ಮಗಳಿಗೂ ಹೇಳಿದೆ, ಬೈಸಿಕೊಂಡೆ. ಇವತ್ತು ಬೆಳಿಗ್ಗೆ ನರ್ಸರಿಗೆ ಹೋಗಿ ಹೂವಿನ ಕಡೆ ನೋಡದೆ ಎಲೆ ಹಿಡಿದು, ಬುಡ ಮುಟ್ಟಿ ನೋಡ್ತಾ ನಿಂತಿದ್ದೆ. ಏನಮ್ಮಾ ಸೊಪ್ಪು ಬೇಕಿತ್ತಾ ಅಂತ ಕೇಳಿದ ಹುಡುಗ. ಮೂಲೆಯಲ್ಲಿ ಸೀಳು ಎಲೆಯ ಬಿಳಿಯದು 2 ಇತ್ತು, ಎರಡನ್ನೂ ತಂದೆ. ಒಂದರ ಬುಡದಲ್ಲಿ ಕಡಲೆಕಾಳಿನಷ್ಟು ಉಬ್ಬು ಇದೆ. ಮೆಲ್ಬರ್ನಿನವರು ಹೇಳಿದ ಗಂಟು ಅದೇನಾ, ಅಥವಾ ಸುಮ್ನೆ ಚಿಗುರಾ? ಫೋಟೋ ಸಂಜೆ ಹಾಕ್ತೀನಿ. ಅಲ್ಲಿವರೆಗೆ ಅದನ್ನ ಗೇಟಿನ ಆಚೆ ಇಟ್ಟಿದ್ದೀನಿ.