ಎಸ್‌ಟಿಪಿ ಹೊರಹರಿವಿನಲ್ಲಿ ಬಿಒಡಿ ಮಿತಿ ಮೀರುತ್ತಿದೆ, ಸಿಒಡಿ ಮತ್ತು ಟಿಎಸ್‌ಎಸ್ ಸರಿಯಾಗಿವೆ: ಕಾರಣ ಎಲ್ಲಿ ಹುಡುಕಬೇಕು?

ಭೀಮಾತೀರ, ಸೊಲ್ಲಾಪುರ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮ ಜಿಲ್ಲೆಯ ಗಡಿಭಾಗದ ಒಂದು ನಗರ ಪರಿಷತ್ತಿನ ಕೊಳಚೆ ನೀರು ಶುದ್ಧೀಕರಣ ಘಟಕದ (ಎಸ್‌ಟಿಪಿ) ಮೇಲ್ವಿಚಾರಣೆ ನನ್ನ ಹೊಣೆಯಾಗಿದೆ. ಘಟಕವು ಎಸ್‌ಬಿಆರ್ ಮಾದರಿಯದು, ಅಂದರೆ ಒಂದೇ ತೊಟ್ಟಿಯಲ್ಲಿ ಸರದಿಯಂತೆ ನೀರು ತುಂಬಿ, ಗಾಳಿ ಕೊಟ್ಟು, ಕೆಸರು ತಂಗಿಸಿ, ತಿಳಿನೀರು ಹೊರಬಿಡುವಂಥದ್ದು. ಶುದ್ಧೀಕರಿಸಿದ ನೀರು ಕ್ಲೋರಿನ್ ತೊಟ್ಟಿಯನ್ನು ದಾಟಿ ಹಳ್ಳಕ್ಕೆ ಸೇರುತ್ತದೆ, ಆ ಹಳ್ಳ ಮುಂದೆ ಭೀಮೆಯನ್ನು ಕೂಡುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದಲ್ಲಿ ಬಿಒಡಿಗೆ (ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಪ್ರಮಾಣ) ಲೀಟರಿಗೆ 10 ಮಿ.ಗ್ರಾಂ, ಫೀಕಲ್ ಕೋಲಿಫಾರ್ಮಿಗೆ (ಮಲದಿಂದ ಬರುವ ಬ್ಯಾಕ್ಟೀರಿಯಾ) 100 ಮಿಲೀಗೆ 230 ಎಂಪಿಎನ್ (ಅಂದಾಜು ಸಂಖ್ಯೆ) ಮಿತಿ ಇದೆ.

ಇತ್ತೀಚೆಗೆ ಮಂಡಳಿಯವರು ಬೆಳಗಿನ ಹೊತ್ತು ಒಯ್ದ ಮಾದರಿಯಲ್ಲಿ ಬಿಒಡಿ 22, ಸಿಒಡಿ (ರಾಸಾಯನಿಕದಿಂದ ಅಳೆಯುವ ಆಮ್ಲಜನಕದ ಬೇಡಿಕೆ) 38, ಟಿಎಸ್‌ಎಸ್ (ನೀರಿನಲ್ಲಿ ತೇಲುವ ಘನ ಕಣಗಳು) 11 ಬಂದಿದ್ದು, ಕೋಲಿಫಾರ್ಮ್ ಕೂಡ ಮಿತಿ ಮೀರಿದೆ. ನೋಟಿಸ್ ಬಂದಿದೆ. ಘಟಕ ನಡೆಸುವ ಗುತ್ತಿಗೆದಾರರು ಪ್ರಯೋಗಾಲಯದ ಫಲಿತಾಂಶವೇ ತಪ್ಪು ಎನ್ನುತ್ತಿದ್ದಾರೆ. ಕಣ್ಣಿಗೆ ನೀರು ತಿಳಿಯಾಗಿಯೇ ಕಾಣುತ್ತದೆ. ಕ್ಲೋರಿನ್ ಪ್ರಮಾಣ ಹೆಚ್ಚಿಸಿದರೂ ಕೋಲಿಫಾರ್ಮ್ ಇಳಿಯುತ್ತಿಲ್ಲ. ಹಳ್ಳದ ಕೆಳಗಿನ ಊರುಗಳಲ್ಲಿ ದನಗಳಿಗೆ ಇದೇ ನೀರು ಕುಡಿಸುತ್ತಾರೆ, ಆದ್ದರಿಂದ ನೋಟಿಸಿಗೆ ಉತ್ತರ ಬರೆದು ಮುಗಿಸುವ ವಿಷಯ ಇದಲ್ಲ. ಪರಿಶೀಲನೆಯನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಹೊಸೂರು ಲ್ಯಾಬ್

ಸರ್, ನೀವು ಕೊಟ್ಟ ಅಂಕಿಗಳಲ್ಲಿಯೇ ಸುಳಿವು ಇದೆ. ಚೆನ್ನಾಗಿ ಶುದ್ಧೀಕರಣಗೊಂಡ ನೀರಿನಲ್ಲಿ ಬಿಒಡಿಯು ಸಿಒಡಿಯ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ ಇರುವುದು ವಾಡಿಕೆ. ನಿಮ್ಮಲ್ಲಿ ಅದು ಅರ್ಧಕ್ಕಿಂತ ಹೆಚ್ಚಾಗಿದೆ. ಟಿಎಸ್‌ಎಸ್ ಕಡಿಮೆ ಇರುವುದರಿಂದ ಕೆಸರು ಹೊರಗೆ ಹೋಗುತ್ತಿಲ್ಲ ಎಂಬುದೂ ಸ್ಪಷ್ಟ. ಹಾಗಾದರೆ ಬಾಟಲಿಯೊಳಗೆ ಆಮ್ಲಜನಕವನ್ನು ಸೇವಿಸುತ್ತಿರುವುದು ಏನು? ನನ್ನ ಅಂದಾಜಿನಲ್ಲಿ ಅಮೋನಿಯ.

ನಮ್ಮ ದೇಶದಲ್ಲಿ ಬಿಒಡಿ ಪರೀಕ್ಷೆಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಇಟ್ಟು ಮಾಡುತ್ತಾರೆ. ನೈಟ್ರೀಕರಣ ಅರ್ಧಕ್ಕೆ ನಿಂತ ಘಟಕದ ಹೊರಹರಿವಿನಲ್ಲಿ ಅಮೋನಿಯವೂ ಇರುತ್ತದೆ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾವೂ ಇರುತ್ತದೆ, ಹೀಗಾಗಿ ತೊಟ್ಟಿಯಲ್ಲಿ ಆಗದೆ ಉಳಿದ ಕೆಲಸ ಬಾಟಲಿಯಲ್ಲಿ ಮುಂದುವರಿಯುತ್ತದೆ. ಒಂದು ಮಿ.ಗ್ರಾಂ ಅಮೋನಿಯ ಸಾರಜನಕಕ್ಕೆ ಸುಮಾರು 4.57 ಮಿ.ಗ್ರಾಂ ಆಮ್ಲಜನಕ ಬೇಕು. ಸಿಒಡಿ ಪರೀಕ್ಷೆಯ ಡೈಕ್ರೋಮೇಟ್ ಸಾಮಾನ್ಯವಾಗಿ ಅಮೋನಿಯವನ್ನು ಮುಟ್ಟುವುದಿಲ್ಲ, ಆದ್ದರಿಂದ ಅಲ್ಲಿ ಏರಿಕೆ ಕಾಣುವುದಿಲ್ಲ.

ಒಂದೇ ಮಾದರಿಯನ್ನು ಎರಡು ಪಾಲು ಮಾಡಿ, ಒಂದಕ್ಕೆ ನೈಟ್ರೀಕರಣವನ್ನು ತಡೆಯುವ ಅಲೈಲ್ ಥಯೋಯೂರಿಯ ಹಾಕಿ, ಇನ್ನೊಂದಕ್ಕೆ ಹಾಕದೆ ಬಿಒಡಿ ಮಾಡಿಸಿ. ಅದರೊಂದಿಗೆ ಅಮೋನಿಯವನ್ನೂ ಅಳೆಯಿಸಿ. ಮಾದರಿಯನ್ನು ಕ್ಲೋರಿನ್ ತೊಟ್ಟಿಗಿಂತ ಮೊದಲು ತೆಗೆಯುವುದು ಒಳ್ಳೆಯದು. ಕ್ಲೋರಿನ್ ಉಳಿದ ನೀರಿನಲ್ಲಿ ಸೂಕ್ಷ್ಮಜೀವಿಗಳು ಸತ್ತು ಬಿಒಡಿ ಸುಳ್ಳಾಗಿ ಕಡಿಮೆ ಬರುತ್ತದೆ, ಅಂತಹ ಮಾದರಿಗೆ ಸೋಡಿಯಂ ಸಲ್ಫೈಟ್ ಹಾಕಿ ಕ್ಲೋರಿನ್ ತೆಗೆದು ಮತ್ತೆ ಬೀಜ (ಜೀವಂತ ಸೂಕ್ಷ್ಮಜೀವಿಗಳು) ಸೇರಿಸಬೇಕಾಗುತ್ತದೆ.

ಚಂದ್ರಗಿರಿ ಹೊಳೆ, ಕಾಸರಗೋಡು

ಮೇಲಿನ ಮಾತನ್ನು ನಾನು ಒಪ್ಪುತ್ತೇನೆ. ನಿಮ್ಮ ಕೋಲಿಫಾರ್ಮ್ ಸಮಸ್ಯೆಯ ಬೇರೂ ಅಲ್ಲಿಯೇ ಇದೆ ಎನಿಸುತ್ತದೆ. ನೀರಿನಲ್ಲಿ ಅಮೋನಿಯ ಇದ್ದರೆ ಹಾಕಿದ ಕ್ಲೋರಿನ್ ಮೊದಲು ಅದರೊಂದಿಗೆ ಕೂಡಿ ಕ್ಲೋರಮೈನ್ ಆಗುತ್ತದೆ. ಅದರ ಕೊಲ್ಲುವ ಶಕ್ತಿ ಮುಕ್ತ ಕ್ಲೋರಿನ್‌ಗಿಂತ ಬಹಳ ಕಡಿಮೆ. ಬ್ರೇಕ್‌ಪಾಯಿಂಟ್, ಅಂದರೆ ಅಮೋನಿಯವೆಲ್ಲ ತೀರಿ ಮುಕ್ತ ಕ್ಲೋರಿನ್ ಉಳಿಯತೊಡಗುವ ಹಂತ, ದಾಟಲು ತೂಕದ ಲೆಕ್ಕದಲ್ಲಿ ಅಮೋನಿಯ ಸಾರಜನಕದ ಸುಮಾರು 7.6 ಪಟ್ಟು ಕ್ಲೋರಿನ್ ಬೇಕು, ಕೆಲಸದಲ್ಲಿ ಹತ್ತು ಪಟ್ಟಿನವರೆಗೂ ಹೋಗುತ್ತದೆ. ಅಷ್ಟು ಕ್ಲೋರಿನ್ ಸುರಿಯುವುದು ಹಣಕ್ಕೂ ಹಳ್ಳದ ಮೀನುಗಳಿಗೂ ನಷ್ಟ. ಅಮೋನಿಯವನ್ನು ತೊಟ್ಟಿಯಲ್ಲಿಯೇ ಇಳಿಸಬೇಕು.

ನೈಟ್ರೀಕರಣ ನಿಲ್ಲಲು ಗಾಳಿಯ ಕೊರತೆಯಲ್ಲದೆ ಕ್ಷಾರತೆಯ (ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿ) ಕೊರತೆಯೂ ಕಾರಣವಾಗಬಹುದು. ಒಂದು ಮಿ.ಗ್ರಾಂ ಅಮೋನಿಯ ಸಾರಜನಕ ಸುಮಾರು 7.14 ಮಿ.ಗ್ರಾಂ ಕ್ಷಾರತೆಯನ್ನು ತಿನ್ನುತ್ತದೆ. ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ಮೆದು, ಕ್ಷಾರತೆ ತೀರಾ ಕಡಿಮೆ. ಆದ್ದರಿಂದ ಈ ಕಡೆಯ ಆಸ್ಪತ್ರೆ ಮತ್ತು ವಸತಿ ಸಮುಚ್ಚಯಗಳ ಸಣ್ಣ ಘಟಕಗಳಲ್ಲಿ ನಾವು ಮೊದಲು ಪಿಎಚ್ ನೋಡುತ್ತೇವೆ. ನಿಮ್ಮ ಕಪ್ಪು ಕಲ್ಲಿನ ನೆಲದ ಬೋರ್‌ವೆಲ್ ನೀರು ಗಡಸಾಗಿರುವುದರಿಂದ ಅಲ್ಲಿ ಈ ತೊಂದರೆ ಬರುವ ಸಂಭವ ಕಡಿಮೆ, ಆದರೂ ಒಮ್ಮೆ ಅಳೆಯಿಸಿ ಆ ಶಂಕೆಯನ್ನು ಬದಿಗಿಡಿ. ಗಾಳಿ ಕೊಡುವ ಹಂತದಲ್ಲಿ ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ) ಲೀಟರಿಗೆ 2 ಮಿ.ಗ್ರಾಂ ಆಸುಪಾಸು ನಿಲ್ಲುತ್ತದೆಯೇ ಎಂದು ಹಗಲಿನಲ್ಲಿ ಮಾತ್ರವಲ್ಲ, ರಾತ್ರಿಯೂ ನೋಡಿಸಿ.

ಭೀಮಾತೀರ, ಸೊಲ್ಲಾಪುರ ಜಿಲ್ಲೆ

ಇಬ್ಬರಿಗೂ ಧನ್ಯವಾದಗಳು. ಬೇರೊಂದು ಪ್ರಯೋಗಾಲಯದಲ್ಲಿ ಮಾಡಿಸಿದೆ. ಥಯೋಯೂರಿಯ ಇಲ್ಲದೆ 21, ಹಾಕಿದ ಮೇಲೆ 7. ಬೆಳಗಿನ ಮಾದರಿಯಲ್ಲಿ ಅಮೋನಿಯ ಸಾರಜನಕ 9 ಮಿ.ಗ್ರಾಂ, ಮಧ್ಯಾಹ್ನದ್ದರಲ್ಲಿ 2. ಕ್ಷಾರತೆ ಸಾಕಷ್ಟಿದೆ. ರಾತ್ರಿ ಪಾಳಿಯಲ್ಲಿ ವಿದ್ಯುತ್ ಬಿಲ್ ಉಳಿಸಲು ಒಂದು ಬ್ಲೋವರ್ (ತೊಟ್ಟಿಗೆ ಗಾಳಿಯೂದುವ ಯಂತ್ರ) ನಿಲ್ಲಿಸುತ್ತಿದ್ದುದು ದಾಖಲೆಯಿಂದ ತಿಳಿಯಿತು. ಅದೇ ಹೊತ್ತಿನಲ್ಲಿ ಪಂಪ್‌ಹೌಸ್ ಬಳಿಯ ಮ್ಯಾನ್‌ಹೋಲ್‌ಗೆ ಸೆಪ್ಟಿಕ್ ಟ್ಯಾಂಕ್ ತೆರವುಗೊಳಿಸುವ ಟ್ಯಾಂಕರ್‌ಗಳು ಬಂದು ಮಲವನ್ನು ಸುರಿಯುತ್ತಿವೆ. ಈಗ ಗುತ್ತಿಗೆದಾರರು, "ಬಿಒಡಿ ಏಳೇ ಇದೆ, ನೋಟಿಸಿಗೆ ಹಾಗೆಂದೇ ಉತ್ತರ ಬರೆಯೋಣ" ಎನ್ನುತ್ತಿದ್ದಾರೆ. ಇದು ಸರಿಯೇ?

ಹೊಸೂರು ಲ್ಯಾಬ್

ಸರಿಯಲ್ಲ ಸರ್. ಎರಡು ಬಿಒಡಿಗಳ ನಡುವಿನ 14 ಮಿ.ಗ್ರಾಂ ಅಂತರವೆಂದರೆ ಸುಮಾರು 3 ಮಿ.ಗ್ರಾಂ ಅಮೋನಿಯ ಸಾರಜನಕ ಬಾಟಲಿಯಲ್ಲಿ ಉತ್ಕರ್ಷಣಗೊಂಡಿದೆ. ಉಳಿದದ್ದು ಹಳ್ಳದಲ್ಲಿ ಅದೇ ಆಮ್ಲಜನಕವನ್ನು ಬೇಡುತ್ತದೆ. ಥಯೋಯೂರಿಯ ಪರೀಕ್ಷೆ ದೋಷ ಎಲ್ಲಿದೆಯೆಂದು ತಿಳಿಯಲು, ಅದು ಮಿತಿಯಿಂದ ನುಣುಚಿಕೊಳ್ಳುವ ದಾರಿಯಲ್ಲ. ಸಮ್ಮತಿ ಪತ್ರದಲ್ಲಿ ಬಿಒಡಿ ಎಂದಷ್ಟೇ ಬರೆದಿದ್ದರೆ ಸಹಜವಾಗಿ ಪೂರ್ಣ ಬಿಒಡಿಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. 2017ರ ಅಕ್ಟೋಬರ್ 13ರ ಕೇಂದ್ರದ ಅಧಿಸೂಚನೆಯಲ್ಲಿ ಮಹಾನಗರಗಳಲ್ಲದ ಊರುಗಳಿಗೆ ಬಿಒಡಿ 30 ಎಂದಿತ್ತು ಎಂಬ ವಾದವನ್ನೂ ಮುಂದಿಡಬೇಡಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಏಪ್ರಿಲ್ 30ರಂದು ಇದಕ್ಕಿಂತ ಬಿಗಿಯಾದ ಮಿತಿಗಳನ್ನು ಹೇಳಿದೆ, ನಿಮ್ಮ ಸಮ್ಮತಿ ಪತ್ರದ 10 ಮತ್ತು 230 ಎಂಬ ಅಂಕಿಗಳು ಆ ಆದೇಶದಲ್ಲಿಯೂ ಇವೆ.

ಮಾದರಿ ಸಂಗ್ರಹದ ವಿಧಾನದ ಬಗ್ಗೆ ನಿಜವಾದ ಆಕ್ಷೇಪವಿದ್ದರೆ ಅದಕ್ಕೆ ಕಾನೂನಿನಲ್ಲಿಯೇ ಜಾಗವಿದೆ. 1974ರ ಜಲ ಕಾಯ್ದೆಯ 21ನೇ ಕಲಮಿನಂತೆ, ವಿಶ್ಲೇಷಣೆಗಾಗಿ ಮಾದರಿ ತೆಗೆಯುವಾಗ ಅಲ್ಲಿಯೇ ನೋಟಿಸ್ ಕೊಟ್ಟು, ಘಟಕದವರ ಎದುರಿನಲ್ಲಿ ಅದನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಎರಡೂ ಕಡೆಯವರು ಸಹಿ ಮಾಡಬೇಕು. ಘಟಕದವರು ಕೋರಿದರೆ ಎರಡನೇ ಭಾಗ ಗೊತ್ತುಪಡಿಸಿದ ಬೇರೆ ಪ್ರಯೋಗಾಲಯಕ್ಕೆ ಹೋಗುತ್ತದೆ. ಈ ಕ್ರಮ ತಪ್ಪಿದ ವರದಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ. ಆದರೆ ನಿಮ್ಮದೇ ಪರೀಕ್ಷೆಯಲ್ಲಿ 21 ಬಂದಿರುವಾಗ ಮಂಡಳಿಯ 22ನ್ನು ಪ್ರಶ್ನಿಸುವುದರಲ್ಲಿ ಅರ್ಥವಿಲ್ಲ.

ಉತ್ತರದಲ್ಲಿ ಕಂಡುಬಂದ ಕಾರಣಗಳನ್ನು ಹಾಗೆಯೇ ಬರೆದು, ರಾತ್ರಿ ಎರಡೂ ಬ್ಲೋವರ್ ನಡೆಸುವ ಆದೇಶದ ಪ್ರತಿ ಲಗತ್ತಿಸಿ. ಟ್ಯಾಂಕರ್‌ಗಳನ್ನು ಓಡಿಸಿಬಿಟ್ಟರೆ ಅವು ನೇರವಾಗಿ ಹಳ್ಳಕ್ಕೇ ಸುರಿಯುತ್ತವೆ. ಪರಿಷತ್ತು ಅವುಗಳಿಗೆ ಪರವಾನಗಿ ಕೊಟ್ಟು, ಘಟಕದ ಒಳಗೇ ಒಂದು ತೊಟ್ಟಿ ಗೊತ್ತುಮಾಡಿ, ಹಗಲಿನಲ್ಲಿ ಸ್ವಲ್ಪಸ್ವಲ್ಪವಾಗಿ ಒಳಹರಿವಿಗೆ ಬಿಡಬೇಕು, ಪ್ರತಿ ಟ್ಯಾಂಕರಿನ ದಾಖಲೆ ಇಡಬೇಕು.

ಭೀಮಾತೀರ, ಸೊಲ್ಲಾಪುರ ಜಿಲ್ಲೆ

ಎರಡೂ ಬ್ಲೋವರ್ ರಾತ್ರಿಯಿಡೀ ನಡೆಯುತ್ತಿವೆ. ಬೆಳಗಿನ ಅಮೋನಿಯ 3ರ ಆಸುಪಾಸಿಗೆ ಇಳಿದಿದೆ. ಟ್ಯಾಂಕರ್‌ಗಳ ತೊಟ್ಟಿಯ ಪ್ರಸ್ತಾವ ಪರಿಷತ್ತಿನ ಮುಂದಿನ ಸಭೆಗೆ ಹೋಗುತ್ತದೆ, ಅಲ್ಲಿಯವರೆಗೆ ಮ್ಯಾನ್‌ಹೋಲ್‌ಗೆ ಬೀಗ ಹಾಕಿಸಿ ಹಗಲಿನಲ್ಲಿ ಮಾತ್ರ ತೆಗೆಯಿಸುತ್ತಿದ್ದೇನೆ. ಕೋಲಿಫಾರ್ಮ್ ಮಾದರಿಯನ್ನು ಥಯೋಸಲ್ಫೇಟ್ ಹಾಕಿದ ಕ್ರಿಮಿಶುದ್ಧ ಬಾಟಲಿಯಲ್ಲಿ, ಐಸ್ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದ್ದೇನೆ. ವರದಿ ಬಂದ ಕೂಡಲೇ ಅಂಕಿಗಳನ್ನು ಇಲ್ಲಿ ಹಾಕುತ್ತೇನೆ.