ಸಹಾಯ ಬೇಕು: ದೂರದ ಸವಾರಿ ಮತ್ತು ವೇಗದ ಅಭ್ಯಾಸವನ್ನು ಹೊಂದಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ನೌಕರಿಯ ನಡುವೆ ಸೈಕಲ್ಲಿಗೆ ವಾರಕ್ಕೆ ಎಂಟು ಗಂಟೆಯಷ್ಟೇ ಸಿಗುತ್ತದೆ. ಎರಡು ವರ್ಷಗಳಿಂದ ಪ್ರತಿ ಭಾನುವಾರ ನಸುಕಿನಲ್ಲಿ ಹೆಬ್ಬಾಳದಿಂದ ಹೊರಟು, ನಂದಿಬೆಟ್ಟ ಹತ್ತಿ ಹಿಂದಿರುಗುವ ಸುಮಾರು 100 ಕಿ.ಮೀ. ಸವಾರಿಯನ್ನು ತಪ್ಪಿಸಿಲ್ಲ.

ದಮ್ಮು ಬಂದಿದೆ, ವೇಗ ಬಂದಿಲ್ಲ. ಕಳೆದ ತಿಂಗಳು ಹವ್ಯಾಸಿಗಳ ಸ್ಪರ್ಧೆಯೊಂದರಲ್ಲಿ ಕೊನೆಯ ತಿರುವಿನವರೆಗೂ ಗುಂಪಿನೊಳಗೇ ಇದ್ದೆ. ಆದರೆ ಮುಂದಿನವರು ಸೀಟಿನಿಂದ ಎದ್ದು ತುಳಿಯತೊಡಗಿದೊಡನೆ ಅವರ ಹಿಂಚಕ್ರ ನನ್ನಿಂದ ಒಂದು ಮೊಳ, ನೋಡನೋಡುತ್ತಿದ್ದಂತೆ ಹತ್ತು ಮಾರು ದೂರ ಸರಿಯಿತು. ಆ ನೋವು ಇನ್ನೂ ಮಾಸಿಲ್ಲ.

ಅಂದಿನಿಂದ ಮಂಗಳವಾರ ಮತ್ತು ಗುರುವಾರ ನಾಲ್ಕು ನಿಮಿಷಗಳ ಐದು ಬಿರುಸಿನ ಸುತ್ತುಗಳನ್ನು, ನಡುನಡುವೆ ಅಷ್ಟೇ ವಿರಾಮದೊಂದಿಗೆ ಸೇರಿಸಿಕೊಂಡೆ. ಮೂರನೆಯ ವಾರದ ಹೊತ್ತಿಗೆ ಭಾನುವಾರದ ಏರಿನಲ್ಲಿ ಕಾಲು ಕಲ್ಲಾಯಿತು. ಸಾಮಾನ್ಯವಾಗಿ 165 ಮುಟ್ಟುವ ಎದೆಬಡಿತ 150 ದಾಟಲೇ ಇಲ್ಲ. ಇದು ದಣಿವು ತೀರದಿರುವುದರ ಲಕ್ಷಣವೆಂದೇ ನನ್ನ ಅನಿಸಿಕೆ.

ಭಾನುವಾರದ ದೂರವನ್ನು 70 ಕಿ.ಮೀ.ಗೆ ಇಳಿಸಿ, ಮಾತಾಡುತ್ತಲೇ ತುಳಿಯಬಹುದಾದಷ್ಟು ಹಗುರವಾಗಿ ಸಾಗುವುದೇ ಸರಿಯೇ, ಅಥವಾ ಗುರುವಾರದ ಸುತ್ತುಗಳನ್ನು ಕೈಬಿಡಬೇಕೇ? ಮುಂದಿನ ಸ್ಪರ್ಧೆಗೆ ಏಳು ವಾರಗಳಿವೆ. ನನ್ನಲ್ಲಿ ತುಳಿತದ ಶಕ್ತಿಯನ್ನು ಅಳೆಯುವ ಪವರ್ ಮೀಟರ್ ಇಲ್ಲ, ಎದೆಬಡಿತ ಅಳೆಯುವ ಎದೆಪಟ್ಟಿ ಮಾತ್ರ ಇದೆ. ಇಷ್ಟೇ ಸಮಯದಲ್ಲಿ ಎರಡನ್ನೂ ನಿಭಾಯಿಸಿದವರು ತಮ್ಮ ವಾರದ ಕ್ರಮವನ್ನು ದಯವಿಟ್ಟು ತಿಳಿಸಬೇಕಾಗಿ ವಿನಂತಿ.